ಸಿಂಗಪುರದ ಪೆಟ್ಟಿಗೆಯ ಐದು ಕಲ್ಲುಗಳು: ಬಲ್ಲವರು ತಿಳಿಸಿ

ಕೇಳಿದವರು, ಧಾರವಾಡ

ನಮ್ಮ ಮಾವನವರ ಚಿಕ್ಕಪ್ಪ ಸಿಂಗಪುರದ ಬಂದರಿನಲ್ಲಿ ಗುಮಾಸ್ತರಾಗಿದ್ದವರು. 1964ರಲ್ಲಿ ಊರಿಗೆ ಮರಳುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದರಂತೆ. ಕಳೆದ ತಿಂಗಳು ಅಟ್ಟ ಖಾಲಿ ಮಾಡುವಾಗ ಅದು ಸಿಕ್ಕಿತು. ಒಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಚೀನೀ ಕಲ್ಲಿನ ವಸ್ತುಗಳಿದ್ದವು. ಐದನೆಯದು ಮೊದಲಿನಿಂದಲೂ ನಮ್ಮ ದೇವರ ಕೋಣೆಯಲ್ಲೇ ಇದೆ.

ದೇವರ ಕೋಣೆಯಲ್ಲಿರುವುದು ಮಲಗಿದ ಕುದುರೆ, ಅದರ ಬೆನ್ನಿನ ಮೇಲೆ ಕುಳಿತ ಕೋತಿ. ಬೂದು ಬಿಳುಪು ಕಲ್ಲು, ಕೋತಿಯ ಭಾಗ ಮಾತ್ರ ಕಂದು. ನಮ್ಮ ಅತ್ತೆ ಅದನ್ನು ಆಂಜನೇಯನೆಂದೇ ನಂಬಿ ನಲವತ್ತು ವರ್ಷ ಶನಿವಾರ ಶನಿವಾರ ಎಣ್ಣೆ, ಕುಂಕುಮ ಹಚ್ಚಿದ್ದಾರೆ. ಪೆಟ್ಟಿಗೆಯಲ್ಲಿದ್ದವು ಇವು: ಹಸಿರು ಬಿಳಿ ಬಳೆ, ಹಣ್ಣಿನ ಮೇಲೆ ತಲೆಕೆಳಗಾಗಿ ಅಂಟಿಕೊಂಡ ಬಾವಲಿಯ ತಿಳಿಹಸಿರು ಪದಕ, ಚಮಚದ ಹಿಡಿಯಂತೆ ಬಾಗಿದ ಒಂದು ತುಂಡು (ಅದರ ತುದಿಯಲ್ಲಿ ಮೃಗದ ತಲೆ, ಬೆನ್ನಿನ ಮೇಲೆ ಹಲ್ಲಿಯಂಥದ್ದೊಂದು), ಕೊನೆಯದು ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಬಿಲ್ಲೆ, ಅದರ ಮೇಲೆ ಏನೂ ಕೆತ್ತಿಲ್ಲ.

ಬಾವಲಿ ಮನೆಯಲ್ಲಿರುವುದು ಅಪಶಕುನ, ಹೊಳೆಗೆ ಬಿಟ್ಟು ಬಾ ಎಂದು ಅತ್ತೆ ಹಟ ಹಿಡಿದಿದ್ದಾರೆ. ಇವು ನಿಜವಾದ ಜೇಡ್ ಕಲ್ಲೇ? ಎಷ್ಟು ಹಳೆಯವು? ಕೋತಿಯ ಕಿವಿಯಲ್ಲಿ ಗಟ್ಟಿಯಾಗಿರುವ ಕುಂಕುಮದ ಜಿಡ್ಡನ್ನು ತೆಗೆಯುವುದು ಹೇಗೆ? ಇಂಥದ್ದನ್ನು ಇಟ್ಟುಕೊಂಡವರು, ಕೊಂಡವರು, ಮೋಸ ಹೋದವರು ದಯವಿಟ್ಟು ಅನುಭವ ಹೇಳಿ.

ಹಾಂಗ್‌ಕಾಂಗಿನಲ್ಲಿ ಹನ್ನೊಂದು ವರ್ಷ ಇದ್ದವರು, ಈಗ ಉಡುಪಿ

ಅಕ್ಕಾ, ಮೊದಲು ಬಾವಲಿಯನ್ನು ಹೊಳೆಯಿಂದ ಉಳಿಸಿ. ನಿಮ್ಮ ಪೆಟ್ಟಿಗೆಯಲ್ಲಿ ಅದಕ್ಕಿಂತ ಮಂಗಳಕರವಾದದ್ದು ಬೇರೊಂದಿಲ್ಲ.

ಹಾಂಗ್‌ಕಾಂಗಿಗೆ ಹೋದ ಹೊಸದರಲ್ಲಿ ನನಗೂ ಇದೇ ದಿಗಿಲು. ನಮ್ಮ ಮಹಡಿಯ ಅಜ್ಜಿಯ ಮನೆಯ ತಟ್ಟೆಯಲ್ಲಿ ಬಾವಲಿ, ಕುರ್ಚಿಯ ಬೆನ್ನಿನಲ್ಲಿ ಬಾವಲಿ, ಮೊಮ್ಮಗಳ ಕೊರಳಿನಲ್ಲೂ ಬಾವಲಿ. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಆಕೆ ಅರ್ಥ ಹೇಳಲಿಲ್ಲ. ಬಾವಲಿಯ ಚಿತ್ರ ತೋರಿಸಿ ‘ಫುಕ್’ ಎಂದಳು, ಬಾಗಿಲಿಗೆ ಅಂಟಿಸಿದ್ದ ಕೆಂಪು ಚೀಟಿಯ ಅಕ್ಷರ ತೋರಿಸಿ ಮತ್ತೆ ‘ಫುಕ್’ ಎಂದಳು. ಚೀಟಿಯಲ್ಲಿದ್ದದ್ದು ‘ಭಾಗ್ಯ’ ಎಂಬ ಅಕ್ಷರ. ಕ್ಯಾಂಟನೀಸಿನಲ್ಲಿ ಎರಡೂ ‘ಫುಕ್’, ಮ್ಯಾಂಡರಿನ್ನಿನಲ್ಲಿ ಎರಡೂ ‘ಫು’. ಅಲ್ಲಿಂದ ಮುಂದೆ ನನಗೆ ಚೀನೀ ಕಲ್ಲುಗಳು ಕಾಣುವುದಕ್ಕಿಂತ ಹೆಚ್ಚಾಗಿ ಕೇಳಿಸತೊಡಗಿದವು.

ನಾವು ವಿಗ್ರಹವನ್ನು ನೋಡಿದರೆ ‘ಇದು ಯಾವ ದೇವರು, ಯಾವ ಕಥೆ’ ಎಂದು ಹುಡುಕುತ್ತೇವೆ. ಚೀನೀ ಕೆತ್ತನೆಯಲ್ಲಿ, ಮುಖ್ಯವಾಗಿ ಮಿಂಗ್ ಮತ್ತು ಚಿಂಗ್ ಅರಸುಮನೆತನಗಳ ಕಾಲದ (14ನೆಯ ಶತಮಾನದಿಂದ 20ರ ಆರಂಭದವರೆಗಿನ) ಪುಟ್ಟ ವಸ್ತುಗಳಲ್ಲಿ, ಕೇಳಬೇಕಾದದ್ದು ‘ಇದರ ಹೆಸರೇನು, ಆ ಸದ್ದಿಗೆ ಇನ್ನೇನು ಅರ್ಥ’ ಎಂಬುದನ್ನು. ನಮ್ಮ ಹಳೆಯ ಕವಿಗಳ ಶ್ಲೇಷೆಯನ್ನು ಅವರು ಕಲ್ಲಿನಲ್ಲಿ ಮಾಡಿದ್ದಾರೆ ಎನ್ನಿ. ನಮ್ಮ ಶಿಲ್ಪಿಯೊಬ್ಬ ಮಗುವಿನ ಪಕ್ಕದಲ್ಲಿ ಒಂದು ಆಡನ್ನು ಕೆತ್ತಿ, ನೋಡಿದವರು ‘ಆಡು ಮಗುವೇ’ ಎಂದು ಓದಿಕೊಳ್ಳಲಿ ಎಂದು ಬಿಟ್ಟರೆ ಹೇಗಿರುತ್ತದೆ, ಹಾಗೆ.

ಮೀನು ‘ಯೂ’, ಮಿಗುವುದು, ಸಮೃದ್ಧಿ ಎಂಬುದೂ ‘ಯೂ’. ಜಿಂಕೆ ‘ಲು’; ಸರ್ಕಾರಿ ಸಂಬಳವೂ ‘ಲು’. ಹೂದಾನಿ ‘ಪಿಂಗ್’, ಶಾಂತಿಯೂ ‘ಪಿಂಗ್’. ಆನೆಯ ಬೆನ್ನಿನ ಮೇಲೆ ಹೂದಾನಿ ಕೂರಿಸಿದ್ದನ್ನು ಕಂಡರೆ ಅದು ದಸರಾ ಮೆರವಣಿಗೆಯಲ್ಲ, ನಾಡು ಶಾಂತವಾಗಿರಲಿ ಎಂಬ ಹಾರೈಕೆ. ಬೆಕ್ಕು ಮತ್ತು ಚಿಟ್ಟೆ ಜೊತೆಗಿದ್ದರೆ ಎರಡರ ಹೆಸರನ್ನೂ ಕೂಡಿಸಿ ‘ಮಾವ್ ದ್ಯೆ’, ಅಂದರೆ ಎಂಬತ್ತು ತೊಂಬತ್ತರ ಮುಪ್ಪು. ಹಿರಿಯರ ಹುಟ್ಟುಹಬ್ಬಕ್ಕೆ ಕೊಡುವಂಥದ್ದು.

ನಿಮ್ಮ ಬಾವಲಿ ಕುಳಿತಿರುವ ಹಣ್ಣು ಪೀಚ್ ಇರಬೇಕು. ಅದು ದೀರ್ಘಾಯುಸ್ಸಿನ ಗುರುತು. ಇಲ್ಲಿ ಸದ್ದಿನ ಆಟವಿಲ್ಲ. ಪಶ್ಚಿಮದ ರಾಣಿತಾಯಿಯ ತೋಟದಲ್ಲಿ ಬಿಡುವ ಅಮರತ್ವದ ಹಣ್ಣು ಅದು ಎಂಬ ಕಥೆ ಇದೆ. ಹಾಗಾಗಿ ಪದಕ ಹೇಳುವುದು ‘ಭಾಗ್ಯ, ಆಯುಸ್ಸು’ ಎಂದು. ಬಾವಲಿ ತಲೆಕೆಳಗಾಗಿದೆ ಎಂದಿರಿ. ಬಾವಲಿ ಇನ್ನು ಹೇಗಿರಬೇಕು ಎಂದು ಕೇಳಬೇಡಿ, ಅದರಲ್ಲೂ ಮಾತಿದೆ: ತಲೆಕೆಳಗು ಎಂಬುದಕ್ಕೂ ‘ಬಂದು ಮುಟ್ಟಿತು’ ಎಂಬುದಕ್ಕೂ ‘ದಾವ್’ ಎಂಬ ಒಂದೇ ಸದ್ದು. ಭಾಗ್ಯ ಬಂತು! ಅತ್ತೆಯವರಿಗೆ ಇಷ್ಟು ಹೇಳಿ ನೋಡಿ.

ಕೋತಿ, ಕುದುರೆಯದ್ದು ಇನ್ನೂ ಸೊಗಸು. ‘ಮಾ ಷಾಂಗ್’ ಎಂದರೆ ಅಕ್ಷರಶಃ ಕುದುರೆಯ ಮೇಲೆ, ಬಳಕೆಯಲ್ಲಿ ‘ಈಗಿಂದೀಗಲೇ’. ಕೋತಿ ‘ಹೋ’, ಅರಸನು ಕೊಡುತ್ತಿದ್ದ ಒಂದು ದೊಡ್ಡ ಸಾಮಂತ ಪದವಿಯ ಹೆಸರೂ ‘ಹೋ’. ಕುದುರೆಯ ಮೇಲಿನ ಕೋತಿ ಎಂದರೆ ‘ಬೇಗನೆ ಪದವಿ ಸಿಗಲಿ’. ಸುತ್ತಮುತ್ತ ಎಲ್ಲಾದರೂ ಒಂದು ಜೇನುಹುಳ ಇದೆಯೇ ನೋಡಿ. ಜೇನಿಗೆ ‘ಫೆಂಗ್’ ಎನ್ನುತ್ತಾರೆ, ಪದವಿ ನೀಡುವುದಕ್ಕೂ ‘ಫೆಂಗ್’. ಪರೀಕ್ಷೆ ಬರೆದು ಅಧಿಕಾರಿಯಾಗಬೇಕೆಂಬ ಹುಡುಗರಿಗೆ, ಬಡ್ತಿ ಕಾಯುವವರಿಗೆ ಕೊಡುತ್ತಿದ್ದ ಉಡುಗೊರೆ ಇದು. ಗುಮಾಸ್ತರಾಗಿದ್ದ ನಿಮ್ಮ ಚಿಕ್ಕಪ್ಪನವರಿಗೆ ಯಾರು ಕೊಟ್ಟರೋ, ಅವರೇ ಆಸೆಪಟ್ಟು ಕೊಂಡರೋ.

ಬಾಗಿದ ತುಂಡು, ಬಿಳಿ ಬಿಲ್ಲೆ ಇವೆರಡರ ಬಗ್ಗೆ ಮೊದಲು ಕಲ್ಲು ಯಾವುದೆಂದು ಬಲ್ಲವರು ಹೇಳಲಿ, ಆಮೇಲೆ ಬರೆಯುತ್ತೇನೆ.

ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಮೈಸೂರು

ಫೋಟೊ ನೋಡಿ ಕಲ್ಲು ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಜೇಡ್ ಎಂಬುದು ಒಂದು ಖನಿಜವಲ್ಲ, ಎರಡು. ನೆಫ್ರೈಟ್ ಮತ್ತು ಜೇಡೈಟ್. ಎರಡೂ ಬೇರೆ ಬೇರೆ ಎಂದು ಫ್ರಾನ್ಸಿನ ಖನಿಜ ವಿಜ್ಞಾನಿ ದಾಮೂರ್ 1863ರಲ್ಲಿ ತೋರಿಸುವವರೆಗೂ ಯೂರೋಪಿನಲ್ಲಿ ಎರಡನ್ನೂ ಒಂದೇ ಎಂದು ತಿಳಿದಿದ್ದರು. ಚೀನೀಯರ ಸಾವಿರಾರು ವರ್ಷಗಳ ಜೇಡ್ ಎಂದರೆ ನೆಫ್ರೈಟ್. ಅದರ ಹೆಸರಾಂತ ಮೂಲ ಈಗಿನ ಷಿನ್‌ಜಿಯಾಂಗಿನ ಖೋತಾನ್. ಕುನ್‌ಲುನ್ ಪರ್ವತದಿಂದ ಇಳಿಯುವ ಯುರುಂಗ್‌ಕಾಷ್, ಕರಕಾಷ್ ನದಿಗಳ ಉರುಟುಗಲ್ಲುಗಳು. ಜೇಡೈಟ್ ಬರುವುದು ಮೇಲಿನ ಬರ್ಮಾದಿಂದ. ಚೀನಾಕ್ಕೆ ಅದು ಹೇರಳವಾಗಿ ಬರತೊಡಗಿದ್ದು 18ನೆಯ ಶತಮಾನದಲ್ಲಿ. ಆದ್ದರಿಂದ ಕಡುಹಸಿರು ಜೇಡೈಟ್ ತೋರಿಸಿ ‘ಇದು ತಾಂಗ್ ಕಾಲದ್ದು’, ಅಂದರೆ ಸಾವಿರ ವರ್ಷಕ್ಕೂ ಹಿಂದಿನದು, ಎಂದು ಯಾರಾದರೂ ಹೇಳಿದರೆ ಚಹಾ ಕುಡಿದು ಎದ್ದುಬನ್ನಿ.

ನಿಮ್ಮ ಕೈಯಲ್ಲೇ ಆಗುವ ಪರೀಕ್ಷೆ ಸಾಂದ್ರತೆಯದು. ಪತ್ತಾರರ ಬಳಿ ಇರುವಂಥ, ಗ್ರಾಮಿನ ಹತ್ತನೆಯ ಒಂದು ಭಾಗವನ್ನೂ ತೋರಿಸುವ ತಕ್ಕಡಿ ತನ್ನಿ. ವಸ್ತುವನ್ನು ಮೊದಲು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕೆಯನ್ನು ಸೊನ್ನೆ ಮಾಡಿ. ವಸ್ತುವನ್ನು ತೆಳುವಾದ ದಾರಕ್ಕೆ ಕಟ್ಟಿ, ತಳಕ್ಕಾಗಲಿ ಲೋಟದ ಬದಿಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಕಾಣುವ ಅಂಕೆಯಿಂದ ಮೊದಲಿನ ತೂಕವನ್ನು ಭಾಗಿಸಿ. ನೆಫ್ರೈಟ್ ಆದರೆ 2.90ರಿಂದ 3.03ರೊಳಗೆ, ಜೇಡೈಟ್ ಆದರೆ 3.3ರ ಆಚೀಚೆ ಬರಬೇಕು. ಮೈಮೇಲೆ ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ಸವರಿ ಬಿಡಿಸಿ.

2.6ರ ಸುತ್ತ ಬಂದರೆ ಅದು ಸರ್ಪೆಂಟೈನ್ ಎಂಬ ಮೆದು ಕಲ್ಲು ಅಥವಾ ಸ್ಫಟಿಕದ ಜಾತಿ. ಪದಕದ ಹಿಂಬದಿಯಲ್ಲಿ ಕಾಣದ ಕಡೆ ಉಕ್ಕಿನ ಸೂಜಿಯಿಂದ ಒಂದು ಸಣ್ಣ ಗೆರೆ ಎಳೆದರೆ ತಿಳಿಯುತ್ತದೆ. ಸರ್ಪೆಂಟೈನ್ ಸಾಮಾನ್ಯವಾಗಿ ಗೀರುತ್ತದೆ, ಸ್ಫಟಿಕ ಗೀರುವುದಿಲ್ಲ. ಅಂದಹಾಗೆ ನಮ್ಮ ಮೈಸೂರಿನ ಸುತ್ತ ಸಿಗುವ ಹಸಿರು ಅವೆಂಚುರಿನ್ ಕೂಡ ಅಂಗಡಿಗಳಲ್ಲಿ ‘ಇಂಡಿಯನ್ ಜೇಡ್’ ಎಂಬ ಹೆಸರಿನಲ್ಲಿ ಓಡಾಡುತ್ತದೆ. ಅದು ಸ್ಫಟಿಕದ ಬಂಧು, ಜೇಡ್ ಅಲ್ಲ. ಇನ್ನು ‘ಪಚ್ಚೆ’ ಎಂದು ಹೇಳಿ ಮಾರುವವರಿದ್ದಾರೆ. ಪಚ್ಚೆ ಎಂದರೆ ಎಮರಾಲ್ಡ್, ಅದು ಬೇರೆಯೇ ಕುಲ.

ಹಾಂಗ್‌ಕಾಂಗಿನಲ್ಲಿ ಇದ್ದವರು

ಸರ್, ಕ್ಷಮಿಸಿ, ಸೂಜಿ ಮಾತ್ರ ಬೇಡ. ಮೆದು ಕಲ್ಲಾದರೂ ಕೆಲಸ ಹಳೆಯದಿರಬಹುದು. ಆ ಗೀರು ಇನ್ನು ನೂರು ವರ್ಷ ಅಲ್ಲೇ ಇರುತ್ತದೆ.

ಭೂವಿಜ್ಞಾನ ಅಧ್ಯಾಪಕ

ನಲವತ್ತು ವರ್ಷ ಕಲ್ಲು ಒಡೆದೇ ಪಾಠ ಮಾಡಿದವನ ಚಾಳಿ. ಒಪ್ಪಿದೆ. ಸೂಜಿ ಬಿಡಿ, ಹತ್ತು ಪಟ್ಟಿನ ಭೂತಗನ್ನಡಿ ಸಾಕು.

ವ್ಯಾಪಾರಿ, ಬೆಂಗಳೂರು

ಮೋಸ ಹೋದವರೂ ಬರೆಯಿರಿ ಎಂದಿದ್ದೀರಿ, ಆ ಸಾಲಿನ ಮೊದಲಿಗ ನಾನು.

2011ರಲ್ಲಿ ವ್ಯಾಪಾರದ ಮೇಲೆ ಗುವಾಂಗ್‌ಝೌಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಹೆಂಡತಿಗೆಂದು ಬಳೆ ಕೊಂಡೆ. ಹಸಿರು ಎಂದರೆ ಆಗ ತಾನೇ ಮಳೆ ನಿಂತ ಭತ್ತದ ಗದ್ದೆ. ಪ್ರಮಾಣಪತ್ರವೂ ಇತ್ತು, ಚೀನೀ ಭಾಷೆಯಲ್ಲಿ. ಮೂರು ವರ್ಷದಲ್ಲಿ ಗದ್ದೆ ಒಣಗಿತು. ಹಳದಿ ಛಾಯೆ, ಮೈತುಂಬ ಜೇಡನ ಬಲೆಯಂಥ ಸೀಳು. ಪ್ರಯೋಗಾಲಯಕ್ಕೆ ಕೊಟ್ಟಾಗ ಗೊತ್ತಾದದ್ದು: ಕಲ್ಲು ನಿಜವಾದ ಜೇಡೈಟೇ. ಆದರೆ ಆಮ್ಲದಲ್ಲಿ ಅದ್ದಿ ಕಲೆ ತೆಗೆದು, ಉಂಟಾದ ಸಂದುಗಳಿಗೆ ಪ್ಲಾಸ್ಟಿಕ್ಕಿನಂಥ ರಾಳ ತುಂಬಿ, ಜೊತೆಗೆ ಬಣ್ಣವನ್ನೂ ಕುಡಿಸಿದ್ದಾರೆ. ಮಾರುಕಟ್ಟೆಯ ಮಾತಿನಲ್ಲಿ ಏನೂ ಮಾಡದ್ದು ‘ಎ’, ರಾಳ ತುಂಬಿದ್ದು ‘ಬಿ’, ಬಣ್ಣ ಹಾಕಿದ್ದು ‘ಸಿ’. ನನ್ನದು ‘ಬಿ’ ಮತ್ತು ‘ಸಿ’ ಎರಡೂ. ಆ ಪ್ರಮಾಣಪತ್ರದಲ್ಲೂ ಹಾಗೆಂದೇ ಬರೆದಿತ್ತು ಎಂದು ಆಮೇಲೆ ಓದಿಸಿದಾಗ ತಿಳಿಯಿತು! ಸುಳ್ಳು ಹೇಳಿದ್ದು ಕಾಗದವಲ್ಲ, ಮಾರಿದವನ ಮುಖ.

ನನ್ನ ಸಲಹೆ ಇಷ್ಟು. ಬಳೆಯನ್ನು ಅವಗೆಂಪು ಕಿರಣದ ಪರೀಕ್ಷೆ ಮಾಡುವ ರತ್ನ ಪ್ರಯೋಗಾಲಯಕ್ಕೆ ಕೊಡಿ, ರಾಳ ಇದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಪ್ರಯೋಗಾಲಯ ಹೇಳುವುದು ಖನಿಜ ಯಾವುದು, ಏನು ಮಾಡಿದ್ದಾರೆ ಎಂಬುದನ್ನು ಮಾತ್ರ. ಕಲ್ಲಿಗೆ ಕೋಟಿಗಟ್ಟಲೆ ವರ್ಷ ವಯಸ್ಸು. ಕೆತ್ತಿದ್ದು ಯಾವಾಗ ಎಂದು ಅದು ಹೇಳದು.

ಕೇಳಿದವರು

ಎಲ್ಲರಿಗೂ ವಂದನೆಗಳು. ನಮ್ಮ ಓಣಿಯ ಪತ್ತಾರರ ತಕ್ಕಡಿ ತಂದು ಮಗನೂ ನಾನೂ ಒಂದು ಭಾನುವಾರ ಪೂರ್ತಿ ಕುಳಿತೆವು. ಕುದುರೆ 118 ಗ್ರಾಂ, ನೀರಿನಲ್ಲಿ 40, ಭಾಗಿಸಿದರೆ 2.95. ಬಾಗಿದ ತುಂಡು 64ಕ್ಕೆ 21.6, ಅಂದರೆ 2.96. ಬರಿದಾದ ಬಿಲ್ಲೆ 43ಕ್ಕೆ 14.6, ಅದೂ 2.95ರ ಹತ್ತಿರ. ಬಾವಲಿ 31ಕ್ಕೆ 11.9, ಬಂದದ್ದು 2.6. ಬಳೆ 52ಕ್ಕೆ 15.8, 3.29.

ಕೋತಿಯ ಭುಜದ ಹಿಂದೆ ಒಂದು ಉಬ್ಬು ಇದೆ. ಜಿಡ್ಡೆಂದು ತಿಳಿದಿದ್ದೆವು. ಭೂತಗನ್ನಡಿಯಲ್ಲಿ ನೋಡಿದರೆ ರೆಕ್ಕೆ! ಜೇನುಹುಳವೇ.

ಭೂವಿಜ್ಞಾನ ಅಧ್ಯಾಪಕ

ಮೂರು ನೆಫ್ರೈಟ್ ಎನ್ನಲು ಅಡ್ಡಿಯಿಲ್ಲ. ಬಾವಲಿ ಬಹುಶಃ ಸರ್ಪೆಂಟೈನ್. ಬಳೆ ಜೇಡೈಟಿನ ಕಡೆಗೇ ಇದೆ, ಆದರೆ ಅಂಕೆ ಒಂದು ಕೂದಲಿನಷ್ಟು ಕಡಿಮೆ. ರಾಳ ತುಂಬಿದ್ದರೂ ಹೀಗಾಗಬಹುದು, ಗುಳ್ಳೆ ಅಂಟಿದ್ದರೂ ಆಗಬಹುದು. ಒಂದು ಮಾತು: ರಾಳ ತುಂಬುವ ವಿದ್ಯೆ ಮಾರುಕಟ್ಟೆಗೆ ಬಂದದ್ದು 1980ರ ದಶಕದಲ್ಲಿ. ಬಳೆ 1964ರಿಂದ ಪೆಟ್ಟಿಗೆಯಲ್ಲೇ ಇದ್ದದ್ದಾದರೆ ಆ ಅನುಮಾನಕ್ಕೆ ಜಾಗವಿಲ್ಲ.

ಶಿಲ್ಪಿ, ಕಾರ್ಕಳ

ವಯಸ್ಸಿನ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ನಾನು ಜೇಡ್ ಕೆಲಸದವನಲ್ಲ, ಕೃಷ್ಣಶಿಲೆಯವನು. ಆದರೆ ಉಳಿಯ ಗುರುತನ್ನು ಓದುವುದು ನಮ್ಮ ಹೊಟ್ಟೆಪಾಡು, ಅಷ್ಟರಮಟ್ಟಿಗೆ ಹೇಳಬಲ್ಲೆ.

ಹೊಯ್ಸಳರ ಬಳಪದ ಕಲ್ಲು ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಜೇಡ್ ಹಾಗಲ್ಲ. ನೆಫ್ರೈಟಿನ ಒಳಗೆ ಕೂದಲಿಗಿಂತ ಸಣ್ಣ ಎಳೆಗಳು ಕಂಬಳಿಯಂತೆ ಹೆಣೆದುಕೊಂಡಿವೆ. ಉಳಿಯಿಂದ ಹೊಡೆದರೆ ಉಳಿ ಜಾರುತ್ತದೆ, ಕಲ್ಲು ಚಕ್ಕೆ ಏಳುವುದಿಲ್ಲ. ಹೀಗಾಗಿ ಜೇಡನ್ನು ಯಾರೂ ಎಂದೂ ಕೆತ್ತಿಲ್ಲ. ತೇದಿದ್ದಾರೆ, ಗಂಧ ತೇದ ಹಾಗೆ. ಚೀನಾದಲ್ಲಿ ಲಿಯಾಂಗ್‌ಝು ಜನ ಐದು ಸಾವಿರ ವರ್ಷಗಳ ಹಿಂದೆಯೇ, ಲೋಹದ ಆಯುಧವಿಲ್ಲದೆ, ದಾರ, ಬಿದಿರು, ಒದ್ದೆ ಮರಳು ಇವಿಷ್ಟರಿಂದ ಜೇಡಿನ ಬಿಲ್ಲೆಗಳನ್ನೂ ಚೌಕ ಕೊಳವೆಗಳನ್ನೂ ಮಾಡಿದ್ದರು. ನಮ್ಮ ಬೀದಿಯಲ್ಲಿ ಕತ್ತರಿಗೆ ಸಾಣೆ ಹಿಡಿಯುವವನು ಕಾಲಿನಿಂದ ತುಳಿಯುವ ಗಾಲಿಯನ್ನು ನೆನೆಯಿರಿ. ಮಿಂಗ್, ಚಿಂಗ್ ಕಾಲದ ಜೇಡ್ ಕೆಲಸಗಾರನ ಯಂತ್ರ ಹೆಚ್ಚುಕಡಿಮೆ ಅದೇ. ಎರಡು ತುಳಿಹಲಗೆ, ಅವಕ್ಕೆ ಬಿಗಿದ ಪಟ್ಟಿ, ಪಟ್ಟಿ ಸುತ್ತಿದ ಅಚ್ಚು, ಅಚ್ಚಿನ ತುದಿಯಲ್ಲಿ ಕಬ್ಬಿಣದ ತೆಳು ಬಿಲ್ಲೆ. ಬಿಲ್ಲೆ ಕಲ್ಲನ್ನು ಕೊಯ್ಯುವುದಿಲ್ಲ. ಅದರ ಕೆಳಗೆ ಸಿಕ್ಕಿದ ಒದ್ದೆ ಮರಳು ಕೊಯ್ಯುತ್ತದೆ: ಸ್ಫಟಿಕದ ಪುಡಿ, ಗಾರ್ನೆಟ್ ಪುಡಿ, ಕುರುಂದದ ಪುಡಿ. ಎಡಗೈಯಲ್ಲಿ ಕಲ್ಲು, ಬಲಗೈಯಿಂದ ಮರಳು, ಕಾಲು ಸದಾ ಹಲಗೆಯ ಮೇಲೆ. ಕೊನೆಗೆ ತೊಗಲಿನ ಗಾಲಿಯಲ್ಲಿ ನಯ. ಬೇರೆ ಬೆಟ್ಟದ ಕಲ್ಲಿನಿಂದ ಜೇಡನ್ನು ತಿದ್ದಬಹುದು ಎಂಬ ಅರ್ಥದ ಗಾದೆ ಚೀನೀಯರಲ್ಲಿದೆಯಂತೆ. ಅದು ಸುಮ್ಮನೆ ನೀತಿಯಲ್ಲ, ಕಾರ್ಖಾನೆಯ ಮಾತು.

ಈಗ ಭೂತಗನ್ನಡಿ ಹಿಡಿಯಿರಿ. ಕುದುರೆಯ ಕೇಸರ, ಬಾಲದ ಗೆರೆಗಳನ್ನು ನೋಡಿ. ಕಾಲಿನಿಂದ ತಿರುಗಿದ ಬಿಲ್ಲೆಯ ಗೆರೆ ತುದಿಗಳಲ್ಲಿ ತೆಳುವಾಗಿ ನಡುವೆ ಆಳವಾಗಿರುತ್ತದೆ. ಬಾಗುವ ಗೆರೆ ಒಂದೇ ಓಟದಲ್ಲಿ ಬರುವುದಿಲ್ಲ. ಸಣ್ಣ ಸಣ್ಣ ನೇರ ತುಂಡುಗಳು ಒಂದರ ಮೇಲೊಂದು ಸೇರಿ ಬಾಗಿರುತ್ತವೆ, ಕೂಡುವಲ್ಲಿ ಕಂಡೂ ಕಾಣದ ಮೆಟ್ಟಿಲು. ರಂಧ್ರವಿದ್ದರೆ ಎರಡೂ ಕಡೆಯಿಂದ ಕೊರೆದು ನಡುವೆ ಸೇರಿಸಿರುತ್ತಾರೆ, ಬೆರಳಿಗೆ ಅಲ್ಲಿ ಏಣು ಸಿಗುತ್ತದೆ. ವಿದ್ಯುತ್ ಯಂತ್ರದ ವಜ್ರದ ಮೊನೆ ಹಾಗಲ್ಲ. ಗೆರೆಯ ಅಗಲ ಉದ್ದಕ್ಕೂ ಒಂದೇ, ತುದಿ ಥಟ್ಟನೆ ನಿಲ್ಲುತ್ತದೆ, ತಗ್ಗುಗಳಲ್ಲಿ ನಯ ಮಾಡದೆ ಬಿಟ್ಟ ಒರಟು ಹಾಗೇ ಇರುತ್ತದೆ. ನನ್ನ ಮಟ್ಟಿಗೆ ಅತಿ ಮುಖ್ಯ ಪರೀಕ್ಷೆ ಇದೇ: ಕೈ ತಲುಪದ ಜಾಗ. ಕುದುರೆಯ ಹೊಟ್ಟೆಯ ಕೆಳಗೆ, ಮಡಿಸಿದ ಕಾಲುಗಳ ಸಂದಿನಲ್ಲಿ ನಯ ಹೇಗಿದೆ? ಅವಸರದವನು ಅಲ್ಲಿಗೆ ಹೋಗುವುದಿಲ್ಲ.

ಹಾಗೆಂದು ಹಳೆಯ ಗುರುತು ಕಂಡರೆ ಹಳೆಯದೇ ಎಂದು ಬೀಗಬೇಡಿ. ತುಳಿಯುವ ಯಂತ್ರ 20ನೆಯ ಶತಮಾನದಲ್ಲೂ ಬಹುಕಾಲ ಓಡುತ್ತಿತ್ತು. 1964ಕ್ಕೆ ಮುಂಚಿನದು ಎಂಬುದಕ್ಕೆ ನಿಮ್ಮ ಪೆಟ್ಟಿಗೆಯೇ ಸಾಕ್ಷಿ. ಅದಕ್ಕಿಂತ ಹಿಂದೆ ಎಷ್ಟು ಎಂಬುದನ್ನು ವಸ್ತುವನ್ನು ಕೈಯಲ್ಲಿ ಹಿಡಿದವರು ಹೇಳಬೇಕು. ಕೆತ್ತಿದ ಸಹಿಯನ್ನಂತೂ ನಂಬಲೇಬೇಡಿ. 16ನೆಯ ಶತಮಾನದ ಸುಝೌ ನಗರದ ಲು ಝಿಗಾಂಗ್ ಎಂಬ ಪ್ರಸಿದ್ಧ ಕೆಲಸಗಾರನ ಹೆಸರು ಎಷ್ಟೋ ತಲೆಮಾರು ಎಷ್ಟೋ ಬಿಲ್ಲೆಗಳ ಮೇಲೆ ಬಿದ್ದಿದೆ. ಅವನಿಗೆ ಹತ್ತು ಜನ್ಮ ಬಂದರೂ ಅಷ್ಟು ಮಾಡಲಾಗುತ್ತಿರಲಿಲ್ಲ.

ಇನ್ನೊಂದು ಹೇಳದೆ ಇರಲಾರೆ. ಬೀಜಿಂಗಿನ ಅರಮನೆ ಸಂಗ್ರಹಾಲಯದಲ್ಲಿ ಒಂದು ಜೇಡ್ ಬೆಟ್ಟ ನೋಡಿದೆ. ಪ್ರವಾಹವನ್ನು ಪಳಗಿಸಿದ ಯು ಮಹಾರಾಜನ ಕಥೆ. ಎತ್ತರ 224 ಸೆಂಟಿಮೀಟರ್, ತೂಕ ಐದು ಟನ್. ಷಿನ್‌ಜಿಯಾಂಗಿನ ಬೆಟ್ಟದಿಂದ ಬೀಜಿಂಗಿಗೆ ಕಲ್ಲನ್ನು ಎಳೆದು ತರಲು ಮೂರು ವರ್ಷಕ್ಕೂ ಹೆಚ್ಚು. ಮೇಣದ ಮಾದರಿ ಮಾಡಿದರು. ಕೆಲಸ ನಡೆಯಬೇಕಿದ್ದ ಯಾಂಗ್‌ಝೌ ನಗರದ ಸೆಕೆಗೆ ಮೇಣ ಕರಗೀತೆಂದು ಮರದಲ್ಲಿ ಇನ್ನೊಂದು ಮಾಡಿದರು. ಯಾಂಗ್‌ಝೌ ಕೆಲಸಗಾರರು ಅದನ್ನು ತೇದು ಮುಗಿಸಿದ್ದು 1787ರಲ್ಲಿ. ಬೆಟ್ಟದ ತುಂಬ ಪುಟ್ಟ ಪುಟ್ಟ ಜನ ಬಂಡೆ ಒಡೆಯುತ್ತಿದ್ದಾರೆ, ಸನ್ನೆಗೋಲು ಹಾಕುತ್ತಿದ್ದಾರೆ. ಕಲ್ಲೊಡೆಯುವವರನ್ನು ಕಲ್ಲಿನಲ್ಲಿ ತೇದವರ ಹೆಸರು ಅಲ್ಲಿಲ್ಲ. ಚಿಯೆನ್‌ಲುಂಗ್ ಚಕ್ರವರ್ತಿಯ ಪದ್ಯ, ಮುದ್ರೆ ಇವೆ. ನಮ್ಮ ಬೇಲೂರಿನಲ್ಲಿ ಶಿಲ್ಪಿಗಳ ಸಹಿ ಇದೆ ಎಂದು ಅಲ್ಲೇ ನಿಂತು ಸ್ವಲ್ಪ ಜಂಬಪಟ್ಟುಕೊಂಡೆ.

ಕನ್ನಡಿಗ, ಹೈದರಾಬಾದ್

ಜೇಡ್ ಎಂದರೆ ಚೀನಾ ಮಾತ್ರ ಎಂದುಕೊಳ್ಳಬೇಡಿ. ಆ ಚಿಯೆನ್‌ಲುಂಗ್ ಚಕ್ರವರ್ತಿಯೇ ‘ಹಿಂದುಸ್ತಾನ’ದ ಜೇಡಿಗೆ ಮರುಳಾಗಿದ್ದವನು. 1759ರಲ್ಲಿ ಷಿನ್‌ಜಿಯಾಂಗ್ ಅವನ ಕೈಗೆ ಬಂದ ಮೇಲೆ ಆ ದಾರಿಯಲ್ಲಿ ಮೊಗಲ್ ಬಟ್ಟಲು, ತಟ್ಟೆಗಳು ಬೀಜಿಂಗಿಗೆ ತಲುಪಿದವು. ಎಲೆಯಷ್ಟು ತೆಳುವಾದ ಅವುಗಳ ಮೈಯನ್ನು ಹೊಗಳಿ ಪದ್ಯ ಬರೆದು, ಕೆಲವುಗಳ ಮೇಲೆ ಕೊರೆಸಿಯೂ ಬಿಟ್ಟ. ನಮ್ಮಲ್ಲಿ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಜಹಾಂಗೀರನ ಜೇಡ್ ಹಿಡಿಯ ಕಠಾರಿ, ನೂರ್‌ಜಹಾನಳ ಜೇಡ್ ಹಣ್ಣುಚಾಕು ಇವೆ, ಚೀನೀ ವಿಭಾಗವೂ ಇದೆ. ಧಾರವಾಡದಿಂದ ರಾತ್ರಿ ಹೊರಟರೆ ಬೆಳಗ್ಗೆ ಇಲ್ಲಿರುತ್ತೀರಿ. ಕೊಳ್ಳುವವರ ಮಾತು ಕೇಳುವ ಮೊದಲು ಒಂದು ದಿನ ಒಳ್ಳೆಯ ಕೆಲಸವನ್ನು ಕಣ್ತುಂಬ ನೋಡಿ.

ಮಾರುವ ಯೋಚನೆ ಬಂದರೆ ಒಂದು ಎಚ್ಚರ. ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ. ವಿದೇಶಿ ಹರಾಜಿನವರು ಆಸೆ ತೋರಿಸಿದರೆಂದು ಅಂಚೆಗೆ ಹಾಕಿಬಿಡಬೇಡಿ, ಮೊದಲು ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿ.

ಹಾಂಗ್‌ಕಾಂಗಿನಲ್ಲಿ ಇದ್ದವರು

ಜೇನುಹುಳ ಸಿಕ್ಕಿತೆಂದು ಓದಿ ಕುಳಿತಲ್ಲೇ ಚಪ್ಪಾಳೆ ತಟ್ಟಿದೆ! ಬಾಗಿದ ತುಂಡು, ಬಿಲ್ಲೆ ಎರಡನ್ನೂ ಈಗ ಹೇಳುತ್ತೇನೆ.

ಬಾಗಿದ ತುಂಡು ಚಮಚದ ಹಿಡಿಯಲ್ಲ, ನಡುಪಟ್ಟಿಯ ಕೊಕ್ಕೆ. ಕೆಳಗೆ ಗುಂಡಿಯಂಥ ಬುಗುಟು ಇರಬೇಕು ನೋಡಿ. ತುದಿಯ ತಲೆ ಡ್ರ್ಯಾಗನ್ನಿನದು. ಬೆನ್ನಿನ ಮೇಲಿರುವುದು ಹಲ್ಲಿಯಲ್ಲ, ಮರಿ ಡ್ರ್ಯಾಗನ್. ಅದು ತಲೆಯೆತ್ತಿ ದೊಡ್ಡದರ ಮುಖವನ್ನೇ ನೋಡುತ್ತಿರುತ್ತದೆ. ಅಪ್ಪ ಮಗನಿಗೆ ಪಾಠ ಹೇಳುತ್ತಿದ್ದಾನೆ ಎಂದು ಇದನ್ನು ಓದುತ್ತಾರೆ. ಎರಡರ ನಡುವಿನ ಆ ಖಾಲಿ ಜಾಗವನ್ನು ಎಷ್ಟು ಶುಚಿಯಾಗಿ ತೇದಿದ್ದಾರೆ ಎಂಬುದರಲ್ಲೇ ಕೆಲಸಗಾರನ ಕೈ ತಿಳಿಯುತ್ತದೆ. ಕಾರ್ಕಳದವರು ಹೇಳಿದ ‘ಕೈ ತಲುಪದ ಜಾಗ’ ಅದೇ.

ಬರಿದಾದ ಬಿಲ್ಲೆಯಲ್ಲಿ ಕೆತ್ತಲು ಮರೆತಿಲ್ಲ. ಅದಕ್ಕೆ ‘ವೂ ಷಿ’ ಬಿಲ್ಲೆ ಎನ್ನುತ್ತಾರೆ. ಅಲಂಕಾರವಿಲ್ಲ ಎಂದರೂ ‘ವೂ ಷಿ’, ತಾಪತ್ರಯವಿಲ್ಲ ಎಂದರೂ ‘ವೂ ಷಿ’. ಕಲೆ, ಬಿರುಕು ಇರುವ ಕಲ್ಲಿನ ಮೇಲೆ ಹೂವು ಬಳ್ಳಿ ಕೆತ್ತಿ ಮುಚ್ಚಬಹುದು. ಬರಿದಾಗಿ ಬಿಡಬೇಕಾದರೆ ಕಲ್ಲು ನಿರ್ಮಲವಾಗಿರಬೇಕು. ಅಂಗೈಯಲ್ಲಿಟ್ಟು ನೋಡಿ, ಹೊಳಪು ಗಾಜಿನಂತೆ ಚುಚ್ಚುತ್ತದೆಯೋ ಒಳಗಿನಿಂದ ಜಿನುಗುತ್ತದೆಯೋ. ಒಳ್ಳೆಯ ಬಿಳಿ ನೆಫ್ರೈಟನ್ನು ಅವರು ‘ಕುರಿಯ ಕೊಬ್ಬು’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ನಡೆಯುವುದಿಲ್ಲ, ‘ಹೆಪ್ಪುಗಟ್ಟಿದ ತುಪ್ಪ’ ಎಂದು ಹೇಳಿಕೊಂಡಿದ್ದೇನೆ.

ಕೋತಿ ಮಾತ್ರ ಕಂದು ಬಣ್ಣದ್ದು ಎಂದಿರಲ್ಲ, ಅದು ಕಲೆಯಲ್ಲ. ನದಿಯ ಉರುಟುಗಲ್ಲಿನ ಮೈಗೆ ಕಬ್ಬಿಣದ ಅಂಶ ಇಳಿದು ಬಂದ ‘ಚರ್ಮ’. ಜಾಣ ಕೆಲಸಗಾರ ಅದನ್ನು ಕೆರೆದು ಎಸೆಯದೆ ಕೋತಿಗೆ ಉಳಿಸಿದ್ದಾನೆ. ಇದೇ ಜಾಣತನದ ದೊಡ್ಡ ಉದಾಹರಣೆ ತೈಪೆಯ ಅರಮನೆ ಸಂಗ್ರಹಾಲಯದ ಜೇಡೈಟ್ ಎಲೆಕೋಸು. 18.7 ಸೆಂಟಿಮೀಟರ್, ಅಷ್ಟೇ. ಅರ್ಧ ಬಿಳಿ ಅರ್ಧ ಹಸಿರಿನ, ಬಿರುಕು ಬಿಟ್ಟ ಕಲ್ಲು. ಬಳೆಗೂ ಆಗದು, ಬಟ್ಟಲಿಗೂ ಆಗದು. ಬಿಳಿಯನ್ನು ದಂಟು ಮಾಡಿ, ಹಸಿರನ್ನು ಎಲೆ ಮಾಡಿ, ಬಿರುಕುಗಳನ್ನು ಎಲೆಯ ನರಗಳಲ್ಲಿ ಅಡಗಿಸಿದ್ದಾರೆ. ಮೇಲೆ ಕುಳಿತ ಮಿಡತೆಗಳು ಮಕ್ಕಳು ಹಲವಾಗಲಿ ಎಂಬ ಹಾರೈಕೆ. ಗುವಾಂಗ್‌ಷು ಚಕ್ರವರ್ತಿಯ ರಾಣಿಯೊಬ್ಬಳ ಅರಮನೆಯಲ್ಲಿ ಇದ್ದದ್ದು, ತವರಿನ ಬಳುವಳಿ ಇರಬೇಕೆಂದು ಊಹಿಸುತ್ತಾರೆ.

ಜಿಡ್ಡಿಗೆ: ಉಗುರುಬೆಚ್ಚಗಿನ ನೀರು, ಎರಡು ಹನಿ ಮೆದು ಸಾಬೂನು, ಮಕ್ಕಳ ಹಲ್ಲುಜ್ಜುವ ಬ್ರಷ್. ಹತ್ತು ನಿಮಿಷ ನೆನೆಸಿ, ಉಜ್ಜಿ, ನೆರಳಿನಲ್ಲಿ ಒಣಗಿಸಿ. ಹುಣಸೆಹಣ್ಣು, ನಿಂಬೆ, ಸೋಡಾ, ಕುದಿನೀರು ಯಾವುದೂ ಬೇಡ. ಬಾವಲಿ ಮೆದು, ಅದಕ್ಕೆ ಬ್ರಷ್ಷೂ ಬೇಡ, ಬಟ್ಟೆ ಸಾಕು. ಒಮ್ಮೆಗೇ ಪೂರ್ತಿ ಹೋಗದಿದ್ದರೆ ಬಿಡಿ, ಮತ್ತೊಂದು ದಿನ ನೋಡಿ.

ಕೇಳಿದವರು

ಆರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಬಳೆಯನ್ನು ಬೆಂಗಳೂರಿನಲ್ಲಿ ಪರೀಕ್ಷೆಗೆ ಕೊಟ್ಟೆವು. ಜೇಡೈಟ್ ಹೌದು, ಒಳಗೆ ರಾಳವೂ ಇದೆ. 1964ರ ಪೆಟ್ಟಿಗೆಯಲ್ಲಿ 1980ರ ದಶಕದ ರಾಳ ಹೇಗೆ ಬಂತು ಎಂದು ಮನೆಯಲ್ಲಿ ದೊಡ್ಡ ವಿಚಾರಣೆ ನಡೆಯಿತು. ಕೊನೆಗೆ ಅತ್ತೆ ನಕ್ಕುಬಿಟ್ಟರು. ಅವರ ತಂಗಿಯ ಮಗಳು ಮದುವೆಯಾದ ವರ್ಷ ಸಿಂಗಪುರಕ್ಕೆ ಹೋದಾಗ ತಂದುಕೊಟ್ಟ ಬಳೆ. ಕೈಗೆ ಬಿಗಿಯಾಯಿತೆಂದು ‘ಸಿಂಗಪುರದ್ದು ಸಿಂಗಪುರದ ಜೊತೆಗೇ ಇರಲಿ’ ಎಂದು ಅವರೇ ಆ ಪೆಟ್ಟಿಗೆಗೆ ಹಾಕಿದ್ದಂತೆ.

ಕೊಕ್ಕೆಯ ಕೆಳಗೆ ಗುಂಡಿ ಇದೆ. ಮರಿ ಡ್ರ್ಯಾಗನ್ನಿನ ಹೊಟ್ಟೆಯಡಿಯ ಸಂದಿನಲ್ಲಿ ನಯ ಕನ್ನಡಿಯಂತಿದೆ, ಗೆರೆಗಳ ತುದಿ ತೆಳುವಾಗಿವೆ. ಬಾಲದ ತುದಿ ಮುರಿದಿದೆ. ಅಂಟಿಸಲು ತುಂಡು ನಮ್ಮಲ್ಲಿಲ್ಲ, ಹಾಗೆಯೇ ಬಿಟ್ಟಿದ್ದೇವೆ. ಬಿಲ್ಲೆಯನ್ನು ನಾನು ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ದೀಪಾವಳಿಯ ರಜೆಯಲ್ಲಿ ಹೈದರಾಬಾದಿಗೆ ಹೊರಟಿದ್ದೇವೆ.

ಬಾವಲಿ ಈಗ ಟಿವಿಯ ಪಕ್ಕದ ಗಾಜಿನ ಕಪಾಟಿನಲ್ಲಿದೆ. ಬಂದವರಿಗೆಲ್ಲ ಅತ್ತೆ ‘ದಾವ್’ ಎಂದರೇನು ಎಂದು ತಾವೇ ವಿವರಿಸುತ್ತಾರೆ. ಕೋತಿಯ ವಿಷಯದಲ್ಲಿ ಮಾತ್ರ ರಾಜಿಯಾಗಲಿಲ್ಲ, ಅದು ಆಂಜನೇಯನೇ. ಮೂರು ಸಲ ತೊಳೆದ ಮೇಲೆ ಕಿವಿ, ಕಣ್ಣು, ಜೇನುಹುಳದ ರೆಕ್ಕೆ ಎಲ್ಲವೂ ಚೊಕ್ಕವಾಗಿ ಕಂಡವು. ಆದರೆ ಪದವಿ ಕೊಡಿಸುವ ಕೋತಿ ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. ಮಗ ಕೆಪಿಎಸ್‌ಸಿ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದಾನೆ. ಮೊನ್ನೆ ಶನಿವಾರ ಅತ್ತೆ ಮತ್ತೆ ಕುಂಕುಮ ಹಚ್ಚಿದರು. ಎಣ್ಣೆ ಮಾತ್ರ ಹಾಕಲಿಲ್ಲ.